ಬಾತ್ ಪ್ರಿಸರ್ವೇಷನ್ ಟ್ರಸ್ಟ್

ಬಾತ್ ಪ್ರಿಸರ್ವೇಷನ್ ಟ್ರಸ್ಟ್ ಇಂಗ್ಲೆಂಡಿನ ನೈಋತ್ಯ ಭಾಗದಲ್ಲಿರುವ ಬಾತ್ ನಗರದ ಒಂದು ನಾಗರಿಕ ಸಂಸ್ಥೆ. ನಗರದ ಐತಿಹಾಸಿಕ ಕಟ್ಟಡಗಳನ್ನೂ ಬೀದಿಗಳನ್ನೂ ಸುತ್ತಲಿನ ಬೆಟ್ಟಗುಡ್ಡಗಳ ಹಸಿರನ್ನೂ ಕಾಪಾಡುವುದು ಹಾಗೂ ನಗರ ಯೋಜನೆಯ ವಿಷಯದಲ್ಲಿ ಸಾರ್ವಜನಿಕರ ಪರವಾಗಿ ಅಭಿಪ್ರಾಯ ಮಂಡಿಸುವುದು ಇದರ ಮುಖ್ಯ ಉದ್ದೇಶಗಳು. 1934ರಲ್ಲಿ ಸ್ಥಾಪನೆಗೊಂಡ ಈ ಸಂಸ್ಥೆ ಸರ್ಕಾರದ ಅಂಗವಲ್ಲ. ಇದು ದತ್ತಿ ಸಂಸ್ಥೆಯಾಗಿ ನೋಂದಣಿಗೊಂಡಿದ್ದು, ಸದಸ್ಯರ ಚಂದಾ, ದೇಣಿಗೆ, ಅನುದಾನ ಮತ್ತು ವಸ್ತುಸಂಗ್ರಹಾಲಯಗಳ ಪ್ರವೇಶ ಶುಲ್ಕದಿಂದ ನಡೆಯುತ್ತದೆ. ರಾಯಲ್ ಕ್ರೆಸೆಂಟಿನ 1ನೇ ಸಂಖ್ಯೆಯ ಮನೆ, ಬೆಕ್‌ಫರ್ಡ್ ಗೋಪುರ ಮತ್ತು ಹರ್ಷೆಲ್ ಖಗೋಳ ವಸ್ತುಸಂಗ್ರಹಾಲಯ ಈ ಸಂಸ್ಥೆಯ ಆಡಳಿತದಲ್ಲಿವೆ.

ಹಿನ್ನೆಲೆ

ಬಾತ್ ನಗರವು ಏವನ್ ನದಿಯ ಕಣಿವೆಯಲ್ಲಿದೆ. 2021ರ ಜನಗಣತಿಯ ಪ್ರಕಾರ ಇಲ್ಲಿನ ಜನಸಂಖ್ಯೆ ಸುಮಾರು 94,000. ಇಲ್ಲಿನ ಬಿಸಿನೀರಿನ ಬುಗ್ಗೆಯಿಂದ ದಿನಕ್ಕೆ ಹತ್ತು ಲಕ್ಷ ಲೀಟರಿಗೂ ಹೆಚ್ಚು ನೀರು ಸುಮಾರು 46 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಹೊರಬರುತ್ತದೆ. ರೋಮನ್ನರು ಈ ಬುಗ್ಗೆಯ ಬಳಿ ಸ್ನಾನಗೃಹಗಳನ್ನೂ ದೇಗುಲವನ್ನೂ ಕಟ್ಟಿ, ಊರನ್ನು ಆಕ್ವೇ ಸುಲಿಸ್ ಎಂದು ಕರೆದರು. ಹದಿನೆಂಟನೆಯ ಶತಮಾನದಲ್ಲಿ, ಅಂದರೆ ಜಾರ್ಜ್ ಹೆಸರಿನ ಅರಸರ ಕಾಲದಲ್ಲಿ, ಬಾತ್ ಇಂಗ್ಲೆಂಡಿನ ಸಿರಿವಂತರು ಆರೋಗ್ಯಕ್ಕಾಗಿಯೂ ವಿಹಾರಕ್ಕಾಗಿಯೂ ಬಂದು ತಂಗುವ ತಾಣವಾಯಿತು. ಆ ಕಾಲದ ವಾಸ್ತುಶೈಲಿಯನ್ನು ಜಾರ್ಜಿಯನ್ ಶೈಲಿ ಎನ್ನುತ್ತಾರೆ.

ಈ ನಗರಕ್ಕೆ ರೂಪ ಕೊಟ್ಟವರಲ್ಲಿ ತಂದೆ ಮತ್ತು ಮಗ ಇಬ್ಬರೂ ಜಾನ್ ವುಡ್ ಎಂಬ ಹೆಸರಿನ ವಾಸ್ತುಶಿಲ್ಪಿಗಳು ಪ್ರಮುಖರು. ಹಿರಿಯ ಜಾನ್ ವುಡ್ ಕ್ವೀನ್ ಸ್ಕ್ವೇರನ್ನು ಕಟ್ಟಿಸಿದನು. ವೃತ್ತಾಕಾರದ ಸರ್ಕಸ್ ಎಂಬ ಮನೆಗಳ ಸಾಲನ್ನು ಯೋಜಿಸಿ 1754ರಲ್ಲಿ ತೀರಿಕೊಂಡನು. ಕಿರಿಯ ಜಾನ್ ವುಡ್ ಅದನ್ನು ಪೂರ್ಣಗೊಳಿಸಿ, 1767ರಿಂದ ಅರ್ಧಚಂದ್ರಾಕಾರದ ರಾಯಲ್ ಕ್ರೆಸೆಂಟನ್ನು ನಿರ್ಮಿಸಿದನು. ಇದರಲ್ಲಿ 30 ಮನೆಗಳಿವೆ. ಸಮೀಪದ ಕೂಂಬ್ ಡೌನ್ ಗಣಿಗಳಿಂದ ರಾಲ್ಫ್ ಆಲನ್ ಎಂಬ ಉದ್ಯಮಿ ತೆಗೆಸಿದ ಜೇನುಬಣ್ಣದ ಸುಣ್ಣಕಲ್ಲು ಇಡೀ ನಗರಕ್ಕೆ ಒಂದೇ ವರ್ಣವನ್ನು ಕೊಟ್ಟಿತು. ಇದನ್ನು ಬಾತ್ ಕಲ್ಲು ಎಂದೇ ಕರೆಯುತ್ತಾರೆ.

ಆ ಕಾಲದ ನಿರ್ಮಾಣ ಪದ್ಧತಿಯನ್ನು ತಿಳಿಯುವುದು ಮುಂದಿನ ವಿವಾದಗಳನ್ನು ಅರ್ಥಮಾಡಿಕೊಳ್ಳಲು ಅಗತ್ಯ. ವಾಸ್ತುಶಿಲ್ಪಿಯು ಇಡೀ ಸಾಲಿನ ಮುಂಭಾಗವನ್ನು ಮಾತ್ರ ನಿರ್ಧರಿಸುತ್ತಿದ್ದನು. ಬೇರೆ ಬೇರೆ ಗುತ್ತಿಗೆದಾರರು ಒಂದೊಂದು ನಿವೇಶನವನ್ನು ಪಡೆದು, ಮುಂಭಾಗವನ್ನು ನಕ್ಷೆಯಂತೆ ಕಟ್ಟಿ, ಹಿಂಭಾಗವನ್ನು ತಮ್ಮ ಅನುಕೂಲದಂತೆ ಕಟ್ಟಿಕೊಳ್ಳುತ್ತಿದ್ದರು. ಹೀಗಾಗಿ ಮುಂದಿನಿಂದ ಅರಮನೆಯಂತೆ ಏಕರೂಪವಾಗಿ ಕಾಣುವ ಸಾಲು ಹಿಂದಿನಿಂದ ಅಂಕುಡೊಂಕಾಗಿ ಕಾಣುತ್ತದೆ. ಈ ಭವ್ಯ ಸಾಲುಗಳ ಜೊತೆಗೆ ಕಲ್ಲುಕುಟಿಗರು, ಬಡಗಿಗಳು, ಅಂಗಡಿಯವರು, ಪಲ್ಲಕ್ಕಿ ಹೊರುವವರು ವಾಸಿಸುತ್ತಿದ್ದ ನೂರಾರು ಚಿಕ್ಕ ಮನೆಗಳೂ ಅದೇ ಕಲ್ಲಿನಿಂದ, ಅದೇ ಅಳತೆಯ ಅನುಪಾತದಲ್ಲಿ ನಿರ್ಮಾಣಗೊಂಡವು.

ಸ್ಥಾಪನೆ

ಬಾತ್‌ನಲ್ಲಿ ನಾಗರಿಕರ ಪ್ರತಿರೋಧ 1934ಕ್ಕಿಂತ ಮೊದಲೇ ಆರಂಭವಾಗಿತ್ತು. 1909ರಲ್ಲಿ ಬಾತ್ ಬೀದಿಯ ಕಂಬಸಾಲಿನ ಒಂದು ಪಾರ್ಶ್ವವನ್ನು ಹೋಟೆಲಿನ ವಿಸ್ತರಣೆಗಾಗಿ ಕೆಡವುವ ಪ್ರಸ್ತಾಪ ಬಂದಾಗ ಊರಿನವರು ಸಂಘಟಿತರಾಗಿ ಅದನ್ನು ತಡೆದರು. 1930ರ ದಶಕದಲ್ಲಿ ಮೋಟಾರು ವಾಹನಗಳ ಸಂಖ್ಯೆ ಹೆಚ್ಚಾದಂತೆ, ಹೊಸ ರಸ್ತೆಗಾಗಿ ಜಾರ್ಜಿಯನ್ ಕಟ್ಟಡಗಳನ್ನು ತೆಗೆದುಹಾಕುವ ಯೋಜನೆಯನ್ನು ನಗರಾಡಳಿತವು ಮುಂದಿಟ್ಟಿತು. ಇದನ್ನು ವಿರೋಧಿಸಲು 1934ರಲ್ಲಿ ಟ್ರಸ್ಟ್ ಹುಟ್ಟಿಕೊಂಡಿತು.

1937ರ ಬಾತ್ ಕಾರ್ಪೊರೇಷನ್ ಕಾಯ್ದೆಯು 1820ಕ್ಕಿಂತ ಹಿಂದಿನ ಕಟ್ಟಡಗಳ ಹೊರಭಾಗವನ್ನು ಬದಲಿಸುವುದರ ಮೇಲೆ ನಗರಾಡಳಿತಕ್ಕೆ ನಿಯಂತ್ರಣಾಧಿಕಾರ ನೀಡಿತು. ದೇಶಾದ್ಯಂತ ಕಟ್ಟಡಗಳನ್ನು ಪಟ್ಟಿ ಮಾಡುವ ಶಾಸನ ಬರುವುದಕ್ಕೆ ಸುಮಾರು ಒಂದು ದಶಕದ ಮೊದಲೇ ಒಂದು ನಗರಕ್ಕೆ ಇಂತಹ ಅಧಿಕಾರ ದೊರೆತದ್ದು ಗಮನಾರ್ಹ. ಆದರೆ ರಕ್ಷಣೆ ಹೊರಗೋಡೆಗೆ ಸೀಮಿತವಾಗಿತ್ತು. ಒಳಗಿನ ಮೆಟ್ಟಿಲು, ಗಾರೆಯ ಅಲಂಕಾರ, ಕೋಣೆಗಳ ವಿನ್ಯಾಸ ಇವು ಅದರ ವ್ಯಾಪ್ತಿಗೆ ಬರಲಿಲ್ಲ.

ಯುದ್ಧ ಮತ್ತು ಪುನರ್ನಿರ್ಮಾಣ

ಎರಡನೆಯ ಮಹಾಯುದ್ಧದಲ್ಲಿ, 1942ರ ಏಪ್ರಿಲ್ 25ರಿಂದ 27ರ ನಡುವೆ ಜರ್ಮನ್ ವಿಮಾನಗಳು ಬಾತ್ ಮೇಲೆ ಬಾಂಬ್ ದಾಳಿ ನಡೆಸಿದವು. ಸೈನಿಕ ಮಹತ್ವಕ್ಕಿಂತ ಸಾಂಸ್ಕೃತಿಕ ಮಹತ್ವವನ್ನೇ ನೋಡಿ ನಗರಗಳನ್ನು ಆಯ್ದುಕೊಂಡ ಈ ದಾಳಿಗಳನ್ನು, ಪ್ರವಾಸಿ ಕೈಪಿಡಿಗಳ ಪ್ರಸಿದ್ಧ ಪ್ರಕಾಶನವೊಂದರ ಹೆಸರಿನಿಂದ, ಬೇಡೆಕರ್ ದಾಳಿಗಳೆಂದು ಕರೆಯಲಾಗಿದೆ. ಬಾತ್‌ನಲ್ಲಿ 400ಕ್ಕೂ ಹೆಚ್ಚು ಜನರು ಸತ್ತರು. ಸಾವಿರಾರು ಕಟ್ಟಡಗಳಿಗೆ ಹಾನಿಯಾಯಿತು. 1771ರಲ್ಲಿ ಆರಂಭವಾಗಿ, 1938ರಲ್ಲಷ್ಟೇ ಜೀರ್ಣೋದ್ಧಾರಗೊಂಡಿದ್ದ ಅಸೆಂಬ್ಲಿ ರೂಮ್ಸ್ ಎಂಬ ಸಭಾಭವನವು ಸುಟ್ಟು ಗೋಡೆಗಳಷ್ಟೇ ಉಳಿದವು. ಅದನ್ನು ಪುನಃ ಸರಿಪಡಿಸಿ ತೆರೆದದ್ದು 1963ರಲ್ಲಿ.

ಯುದ್ಧಾನಂತರದ ಬಾತ್ ಹೇಗಿರಬೇಕೆಂಬ ಬಗ್ಗೆ ಸರ್ ಪ್ಯಾಟ್ರಿಕ್ ಅಬರ್‌ಕ್ರಾಂಬಿ ಎಂಬ ಪ್ರಸಿದ್ಧ ನಗರ ಯೋಜಕರು 1945ರಲ್ಲಿ ವರದಿ ನೀಡಿದರು. ರಾಯಲ್ ಕ್ರೆಸೆಂಟನ್ನು ನಗರಾಡಳಿತದ ಕಚೇರಿಗಳಾಗಿ ಪರಿವರ್ತಿಸುವ ಸಲಹೆಯೂ ಅದರಲ್ಲಿತ್ತು. ಇದು ಜಾರಿಗೆ ಬರಲಿಲ್ಲ.

1950–1973: ಕೆಡವುವಿಕೆಯ ಕಾಲ

ಯುದ್ಧದ ಬಾಂಬುಗಳಿಗಿಂತಲೂ ಶಾಂತಿಕಾಲದ ಯೋಜನೆಗಳೇ ಬಾತ್‌ಗೆ ಹೆಚ್ಚು ನಷ್ಟ ಮಾಡಿದವು ಎಂಬ ಅಭಿಪ್ರಾಯ ಸಂರಕ್ಷಣಾವಾದಿಗಳಲ್ಲಿ ಪ್ರಚಲಿತವಾಗಿದೆ. 1950ರ ನಂತರದ ಎರಡು ದಶಕಗಳಲ್ಲಿ ನೂರಾರು ಸಾಧಾರಣ ಜಾರ್ಜಿಯನ್ ಮನೆಗಳು ನೆಲಸಮವಾದವು. ಹಾಲೋವೇ, ಬ್ಯಾಲೆನ್ಸ್ ಬೀದಿ, ಲ್ಯಾಂಪಾರ್ಡ್ಸ್ ಬಿಲ್ಡಿಂಗ್ಸ್ ಮುಂತಾದ ಕಡೆಗಳಲ್ಲಿ ಹಳೆಯ ಸಾಲುಮನೆಗಳ ಜಾಗದಲ್ಲಿ ಹೊಸ ವಸತಿ ಸಂಕೀರ್ಣಗಳು ಬಂದವು. ರೈಲು ನಿಲ್ದಾಣದ ಬಳಿಯ ಸೌತ್‌ಗೇಟ್ ಪ್ರದೇಶದಲ್ಲಿ ಅಂಗಡಿ ಮಳಿಗೆಗಳ ಸಂಕೀರ್ಣ ಎದ್ದಿತು.

ಇದಕ್ಕೆ ಕಾರಣಗಳು ಹಲವು. ಆ ಮನೆಗಳಲ್ಲಿ ಬಹಳಷ್ಟು ತೇವದಿಂದ ಕೂಡಿದ್ದವು. ಮನೆಯೊಳಗೆ ಸ್ನಾನಗೃಹ, ಶೌಚಾಲಯಗಳಿರಲಿಲ್ಲ. ಬಡ ಕುಟುಂಬಗಳಿಗೆ ಯೋಗ್ಯ ವಸತಿ ಒದಗಿಸುವುದು ನಗರಾಡಳಿತದ ನಿಜವಾದ ಹೊಣೆಯಾಗಿತ್ತು. ಹಳೆಯದನ್ನು ದುರಸ್ತಿ ಮಾಡುವುದಕ್ಕಿಂತ ಕೆಡವಿ ಕಟ್ಟುವುದೇ ಸುಲಭವೆಂದು ಆಗಿನ ಆಡಳಿತಗಾರರೂ ಎಂಜಿನಿಯರುಗಳೂ ನಂಬಿದ್ದರು.

ಕಾನೂನಿನ ಸ್ವರೂಪವೂ ಇದಕ್ಕೆ ಎಡೆಮಾಡಿಕೊಟ್ಟಿತು. 1947ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಅಡಿಯಲ್ಲಿ ಐತಿಹಾಸಿಕ ಕಟ್ಟಡಗಳ ಪಟ್ಟಿ ತಯಾರಾಯಿತು. ಆದರೆ ಪಟ್ಟಿಯಲ್ಲಿದ್ದ ಕಟ್ಟಡವನ್ನು ಕೆಡವಲು ಮಾಲೀಕನು ಎರಡು ತಿಂಗಳು ಮುಂಚಿತವಾಗಿ ನೋಟಿಸು ಕೊಟ್ಟರೆ ಸಾಕಾಗಿತ್ತು. ಆ ಅವಧಿಯಲ್ಲಿ ಸ್ಥಳೀಯ ಆಡಳಿತವು ಸಂರಕ್ಷಣಾ ಆದೇಶ ಹೊರಡಿಸದಿದ್ದರೆ ಕಟ್ಟಡಕ್ಕೆ ರಕ್ಷಣೆ ಇರಲಿಲ್ಲ. ಮೂರನೆಯ ದರ್ಜೆಯ ಕಟ್ಟಡಗಳಿಗಂತೂ ಶಾಸನಬದ್ಧ ರಕ್ಷಣೆಯೇ ಇರಲಿಲ್ಲ. ಕುಶಲಕರ್ಮಿಗಳ ಚಿಕ್ಕ ಮನೆಗಳಲ್ಲಿ ಹಲವು ಈ ದರ್ಜೆಗೆ ಸೇರಿದ್ದವು. ಕೆಡವಲು ಬಯಸಿದ್ದೂ ತಡೆಯಬೇಕಾಗಿದ್ದೂ ಒಂದೇ ನಗರಾಡಳಿತವಾದಾಗ ಕಾನೂನು ನಿಷ್ಪ್ರಯೋಜಕವಾಗುತ್ತಿತ್ತು.

ಸಂಚಾರದ ಸಮಸ್ಯೆಯೂ ಇದರೊಂದಿಗೆ ಸೇರಿಕೊಂಡಿತು. 1965ರಲ್ಲಿ ಯೋಜಕ ಕಾಲಿನ್ ಬ್ಯೂಕ್ಯಾನನ್ ನಗರ ಕೇಂದ್ರದ ಕೆಳಗೆ ಸುರಂಗ ರಸ್ತೆಯೊಂದನ್ನು ಸೂಚಿಸಿದರು. ವಾಹನಗಳನ್ನು ನೆಲದಡಿಗೆ ಕಳುಹಿಸಿ ಹಳೆಯ ಬೀದಿಗಳನ್ನು ಉಳಿಸುವುದು ಅದರ ಉದ್ದೇಶವಾಗಿದ್ದರೂ, ಸುರಂಗದ ಎರಡೂ ತುದಿಗಳ ಸಂಪರ್ಕ ರಸ್ತೆಗಳಿಗಾಗಿ ಅನೇಕ ಕಟ್ಟಡಗಳು ಹೋಗಬೇಕಾಗುತ್ತಿತ್ತು. ವರ್ಷಗಳ ಕಾಲ ನಡೆದ ಚರ್ಚೆಯ ನಂತರ 1970ರ ದಶಕದಲ್ಲಿ ಈ ಯೋಜನೆ ಕೈಬಿಡಲ್ಪಟ್ಟಿತು.

ಜನಾಭಿಪ್ರಾಯದ ತಿರುವು

1973ರಲ್ಲಿ ಪತ್ರಕರ್ತ ಆಡಂ ಫರ್ಗೂಸನ್ ಬರೆದ 'ದಿ ಸ್ಯಾಕ್ ಆಫ್ ಬಾತ್' ಎಂಬ ಪುಸ್ತಕ ಪ್ರಕಟವಾಯಿತು. ಶೀರ್ಷಿಕೆಯ ಅರ್ಥ 'ಬಾತ್ ನಗರದ ಲೂಟಿ'. ರಾಯಲ್ ಕ್ರೆಸೆಂಟ್, ಸರ್ಕಸ್‌ನಂತಹ ಪ್ರಸಿದ್ಧ ಕಟ್ಟಡಗಳನ್ನು ಮಾತ್ರ ಉಳಿಸಿಕೊಂಡು ಅವುಗಳ ಸುತ್ತಲಿನ ಸಾಮಾನ್ಯ ಮನೆಗಳನ್ನು ತೆಗೆದುಹಾಕಿದರೆ ಉಳಿಯುವುದು ನಗರವಲ್ಲ, ಬಿಡಿ ಸ್ಮಾರಕಗಳು ಮಾತ್ರ ಎಂಬುದು ಅದರ ಮುಖ್ಯ ವಾದ. ಕೆಡವುವ ಮೊದಲಿನ ಮತ್ತು ನಂತರದ ಛಾಯಾಚಿತ್ರಗಳು ರಾಷ್ಟ್ರಮಟ್ಟದಲ್ಲಿ ಚರ್ಚೆಗೆ ಕಾರಣವಾದವು.

ದೇಶದ ಕಾನೂನೂ ಇದೇ ಕಾಲದಲ್ಲಿ ಬದಲಾಗುತ್ತಿತ್ತು. 1957ರಲ್ಲಿ ಡಂಕನ್ ಸ್ಯಾಂಡಿಸ್ ಅವರು ಸ್ಥಾಪಿಸಿದ ಸಿವಿಕ್ ಟ್ರಸ್ಟ್ ಬ್ರಿಟನ್ನಿನ ಊರೂರುಗಳ ನಾಗರಿಕ ಸಂಘಗಳನ್ನು ಒಂದುಗೂಡಿಸಿತ್ತು. 1960ರ ದಶಕದ ಆರಂಭದಲ್ಲಿ ಲಂಡನ್ನಿನ ಯೂಸ್ಟನ್ ರೈಲು ನಿಲ್ದಾಣದ ಮಹಾದ್ವಾರವನ್ನು ಪ್ರತಿಭಟನೆಯ ನಡುವೆಯೂ ಕೆಡವಿದ್ದು ಜನರನ್ನು ಎಚ್ಚರಿಸಿತ್ತು. ಸ್ಯಾಂಡಿಸ್ ಅವರ ಪ್ರಯತ್ನದಿಂದ ಬಂದ 1967ರ ನಾಗರಿಕ ಸೌಕರ್ಯಗಳ ಕಾಯ್ದೆಯು 'ಸಂರಕ್ಷಣಾ ಪ್ರದೇಶ' ಎಂಬ ಪರಿಕಲ್ಪನೆಯನ್ನು ತಂದಿತು. ಒಂದೊಂದೇ ಕಟ್ಟಡವನ್ನಲ್ಲದೆ ಇಡೀ ಬೀದಿಯನ್ನು, ಬಡಾವಣೆಯನ್ನು ಕಾಪಾಡಲು ಇದರಿಂದ ಸಾಧ್ಯವಾಯಿತು. 1968ರ ಕಾಯ್ದೆಯು ಪಟ್ಟಿಯಲ್ಲಿರುವ ಕಟ್ಟಡವನ್ನು ಕೆಡವಲು ಅಥವಾ ಅದರ ಸ್ವರೂಪ ಬದಲಿಸಲು ಪೂರ್ವಾನುಮತಿ ಕಡ್ಡಾಯಗೊಳಿಸಿತು. ಅದೇ ವರ್ಷ ಸರ್ಕಾರವು ಬಾತ್, ಚೆಸ್ಟರ್, ಚಿಚೆಸ್ಟರ್ ಮತ್ತು ಯಾರ್ಕ್ ನಗರಗಳ ಸಂರಕ್ಷಣೆಯ ಬಗ್ಗೆ ಅಧ್ಯಯನ ವರದಿಗಳನ್ನು ಪ್ರಕಟಿಸಿತು. ಮೂರನೆಯ ದರ್ಜೆಯನ್ನು 1970ರಲ್ಲಿ ರದ್ದುಗೊಳಿಸಲಾಯಿತು. ಅದರಲ್ಲಿದ್ದ ಅನೇಕ ಕಟ್ಟಡಗಳು ಎರಡನೆಯ ದರ್ಜೆಗೆ ಏರಿದವು. ಈ ಎಲ್ಲದರ ಫಲವಾಗಿ 1970ರ ದಶಕದ ಮಧ್ಯಭಾಗದ ಹೊತ್ತಿಗೆ ಬಾತ್‌ನಲ್ಲಿ ಸಾಮೂಹಿಕ ಕೆಡವುವಿಕೆ ನಿಂತಿತು. ಸೌತ್‌ಗೇಟಿನ ಸಂಕೀರ್ಣ ನಾಲ್ಕು ದಶಕಗಳೂ ಬಾಳಲಿಲ್ಲ. 2007ರಲ್ಲಿ ಅದನ್ನೇ ಕೆಡವಿ, ಜಾರ್ಜಿಯನ್ ಶೈಲಿಯನ್ನು ಅನುಸರಿಸುವ ಹೊಸ ಮಳಿಗೆಗಳನ್ನು ಕಟ್ಟಲಾಯಿತು.

ಯೋಜನಾ ಕ್ಷೇತ್ರದಲ್ಲಿ ಕಾರ್ಯವಿಧಾನ

ಬಾತ್ ನಗರದಲ್ಲಿ ಸುಮಾರು 5,000 ಪಟ್ಟಿ ಮಾಡಿದ ಕಟ್ಟಡಗಳಿವೆ. ಇಂಗ್ಲೆಂಡಿನಲ್ಲಿ ಇಂತಹ ಕಟ್ಟಡಗಳಿಗೆ ಮೊದಲನೆಯ ದರ್ಜೆ, ಎರಡನೆಯ ದರ್ಜೆ (ನಕ್ಷತ್ರ ಸಹಿತ) ಮತ್ತು ಎರಡನೆಯ ದರ್ಜೆ ಎಂಬ ಮೂರು ಹಂತಗಳಿವೆ. ದೇಶದ ಒಟ್ಟು ಪಟ್ಟಿಯಲ್ಲಿ ಶೇಕಡ 90ಕ್ಕೂ ಹೆಚ್ಚು ಕಟ್ಟಡಗಳು ಕೊನೆಯ ದರ್ಜೆಯವು. ಅನುಮತಿಯಿಲ್ಲದೆ ಇಂತಹ ಕಟ್ಟಡದ ವೈಶಿಷ್ಟ್ಯಕ್ಕೆ ಧಕ್ಕೆ ತರುವುದು ಅಪರಾಧ.

ಕಟ್ಟುವ, ಕೆಡವುವ, ಬದಲಾಯಿಸುವ ಪ್ರತಿ ಅರ್ಜಿಯನ್ನೂ ಸ್ಥಳೀಯ ಆಡಳಿತವು ಸಾರ್ವಜನಿಕರ ಅವಗಾಹನೆಗೆ ಪ್ರಕಟಿಸುತ್ತದೆ. ನಿಗದಿತ ದಿನಗಳೊಳಗೆ ಯಾರು ಬೇಕಾದರೂ ಆಕ್ಷೇಪಣೆ ಅಥವಾ ಬೆಂಬಲ ಸಲ್ಲಿಸಬಹುದು. ಟ್ರಸ್ಟ್ ಈ ಅವಕಾಶವನ್ನು ಕ್ರಮಬದ್ಧವಾಗಿ ಬಳಸಿಕೊಳ್ಳುತ್ತದೆ. ವಾಸ್ತುಶಿಲ್ಪ, ಯೋಜನೆ, ಇತಿಹಾಸ ಬಲ್ಲವರು ಅರ್ಜಿಗಳನ್ನು ಪರಿಶೀಲಿಸಿ, ಅಗತ್ಯವಿದ್ದಲ್ಲಿ ಲಿಖಿತ ಅಭಿಪ್ರಾಯ ನೀಡುತ್ತಾರೆ. ಸಂಸ್ಥೆಗೆ ಅನುಮತಿ ಕೊಡುವ ಅಥವಾ ನಿರಾಕರಿಸುವ ಅಧಿಕಾರವಿಲ್ಲ. ನಿರ್ಧಾರ ಬಾತ್ ಮತ್ತು ಈಶಾನ್ಯ ಸಾಮರ್ಸೆಟ್ ಸ್ಥಳೀಯ ಆಡಳಿತದ್ದು. ಅರ್ಜಿದಾರನು ಅದರ ವಿರುದ್ಧ ಮೇಲ್ಮನವಿ ಸಲ್ಲಿಸಬಹುದು.

ಅಭಿಪ್ರಾಯ ನೀಡುವಾಗ ಪರಿಶೀಲಿಸಲಾಗುವ ಅಂಶಗಳಲ್ಲಿ ಮುಖ್ಯವಾದವು ಇವು:

• ಹೊಸ ಕಟ್ಟಡದ ಎತ್ತರ ಮತ್ತು ಗಾತ್ರ. ಕಣಿವೆಯ ಆಚೆಯಿಂದ ನೋಡಿದಾಗ ಅದು ಕಾಣುವ ಬಗೆ.
• ಬಳಸುವ ಕಲ್ಲು, ಹೆಂಚು, ಬಣ್ಣ ಮತ್ತು ಗಾರೆ.
• ಹಳೆಯ ಕಿಟಕಿ, ಬಾಗಿಲು, ಮೆಟ್ಟಿಲು, ಕಬ್ಬಿಣದ ಕಟಕಟೆಗಳ ಉಳಿವು.
• ಅಂಗಡಿಗಳ ಮುಂಭಾಗ, ನಾಮಫಲಕ ಮತ್ತು ದೀಪಗಳು.
• ನಗರದ ಅಂಚಿನ ಹೊಲಗದ್ದೆ, ಮರಗಳು ಮತ್ತು ಬಯಲು.

ಬಾತ್ ಕಲ್ಲಿನ ಗುಣದಿಂದಾಗಿ ದುರಸ್ತಿಯ ವಿಧಾನವೂ ಮುಖ್ಯವಾಗುತ್ತದೆ. ಇದು ಮೃದುವಾದ, ರಂಧ್ರಯುಕ್ತ ಸುಣ್ಣಕಲ್ಲು. ಸುಣ್ಣದ ಗಾರೆಯ ಮೂಲಕ ಗೋಡೆಯ ತೇವ ಹೊರಗೆ ಹೋಗುತ್ತದೆ. ಗಟ್ಟಿಯಾದ ಸಿಮೆಂಟಿನಿಂದ ಸಂದುಗಳನ್ನು ಮುಚ್ಚಿದರೆ ತೇವ ಕಲ್ಲಿನಲ್ಲೇ ಉಳಿದು, ಮೇಲ್ಪದರ ಚಕ್ಕೆಚಕ್ಕೆಯಾಗಿ ಉದುರುತ್ತದೆ. ಒಳ್ಳೆಯ ಉದ್ದೇಶದಿಂದ ಮಾಡಿದ ದುರಸ್ತಿಯೇ ಕಟ್ಟಡಕ್ಕೆ ಕೇಡಾಗಬಹುದೆಂಬುದಕ್ಕೆ ಇದು ನಿದರ್ಶನ.

ರಾಯಲ್ ಕ್ರೆಸೆಂಟ್ 1ನೇ ಸಂಖ್ಯೆಯ ಮನೆ

ರಾಯಲ್ ಕ್ರೆಸೆಂಟಿನ ಪೂರ್ವ ತುದಿಯಲ್ಲಿರುವ ಈ ಮನೆ ಇಡೀ ಸಾಲಿನಲ್ಲಿ ಮೊದಲು ನಿರ್ಮಾಣಗೊಂಡದ್ದು. ಕಾಲಕ್ರಮದಲ್ಲಿ ಶಿಥಿಲಗೊಂಡಿದ್ದ ಇದನ್ನು 1967ರಲ್ಲಿ ಬರ್ನಾರ್ಡ್ ಕೇಜರ್ ಎಂಬವರು ಕೊಂಡು, ಜೀರ್ಣೋದ್ಧಾರಕ್ಕೆ ಬೇಕಾದ ಹಣದೊಂದಿಗೆ ಟ್ರಸ್ಟಿಗೆ ದಾನ ಮಾಡಿದರು. ಹದಿನೆಂಟನೆಯ ಶತಮಾನದ ಮನೆಯ ಸ್ವರೂಪಕ್ಕೆ ತಂದು 1970ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಲಾಯಿತು. ಸೇವಕರ ಕೆಲಸದ ಭಾಗವಾಗಿದ್ದ ಪಕ್ಕದ ಕಟ್ಟಡವು ಮೂಲಮನೆಯಿಂದ ಬೇರ್ಪಟ್ಟಿತ್ತು. ಎರಡನ್ನೂ ಮತ್ತೆ ಜೋಡಿಸಿ 2013ರಲ್ಲಿ ಮನೆಯನ್ನು ಪುನಃ ತೆರೆಯಲಾಯಿತು. ಇದರಿಂದ ಒಡೆಯರ ಊಟದ ಕೋಣೆಯ ಜೊತೆಗೆ ಅಡುಗೆಯವರು, ಸೇವಕರು ದುಡಿದ ಸ್ಥಳಗಳನ್ನೂ ನೋಡುವ ಅವಕಾಶ ದೊರೆಯಿತು.

ಇತರ ಕಟ್ಟಡಗಳು

ಬೆಕ್‌ಫರ್ಡ್ ಗೋಪುರ: ಲ್ಯಾನ್ಸ್‌ಡೌನ್ ಬೆಟ್ಟದ ಮೇಲಿರುವ ಸುಮಾರು 120 ಅಡಿ ಎತ್ತರದ ಈ ಗೋಪುರವನ್ನು ಲೇಖಕ ಮತ್ತು ಕಲಾಸಂಗ್ರಾಹಕ ವಿಲಿಯಂ ಬೆಕ್‌ಫರ್ಡ್‌ಗಾಗಿ ಹೆನ್ರಿ ಗುಡ್‌ರಿಜ್ 1827ರಲ್ಲಿ ಪೂರ್ಣಗೊಳಿಸಿದನು. 1990ರ ದಶಕದಲ್ಲಿ ಇದರ ಹೊಣೆ ಟ್ರಸ್ಟಿಗೆ ಬಂದಿತು. ಎರಡನೆಯ ಸುತ್ತಿನ ಜೀರ್ಣೋದ್ಧಾರದ ನಂತರ 2024ರಲ್ಲಿ ಗೋಪುರ ಮತ್ತೆ ತೆರೆಯಿತು. ಬೆಕ್‌ಫರ್ಡ್‌ನ ಸಂಪತ್ತು ಜಮೈಕಾದ ಕಬ್ಬಿನ ತೋಟಗಳಲ್ಲಿ ಗುಲಾಮರಾಗಿದ್ದ ಆಫ್ರಿಕನ್ನರ ದುಡಿಮೆಯಿಂದ ಬಂದದ್ದು. ಈ ಸತ್ಯವನ್ನು ಮರೆಮಾಚದೆ ಹೊಸ ಪ್ರದರ್ಶನದಲ್ಲಿ ತಿಳಿಸಲಾಗಿದೆ.

ಹರ್ಷೆಲ್ ಖಗೋಳ ವಸ್ತುಸಂಗ್ರಹಾಲಯ: ನ್ಯೂ ಕಿಂಗ್ ಬೀದಿಯ 19ನೇ ಸಂಖ್ಯೆಯ ಮನೆಯ ಹಿತ್ತಲಿನಿಂದ ವಿಲಿಯಂ ಹರ್ಷೆಲ್ ತಾನೇ ತಯಾರಿಸಿದ ದೂರದರ್ಶಕದಿಂದ 1781ರ ಮಾರ್ಚ್ 13ರಂದು ಯುರೇನಸ್ ಗ್ರಹವನ್ನು ಕಂಡುಹಿಡಿದನು. ಅವನ ತಂಗಿ ಕ್ಯಾರೊಲಿನ್ ಹರ್ಷೆಲ್ ಸ್ವತಃ ಹಲವು ಧೂಮಕೇತುಗಳನ್ನು ಗುರುತಿಸಿದ ಖಗೋಳಜ್ಞೆ. ಈ ಮನೆಯು ವೈಭವದ ಕಟ್ಟಡವಲ್ಲ, ಮಧ್ಯಮ ವರ್ಗದವರ ಸಾಧಾರಣ ಸಾಲುಮನೆ. ಇಂತಹ ಮನೆಗಳನ್ನು ಏಕೆ ಉಳಿಸಬೇಕು ಎಂಬ ಪ್ರಶ್ನೆಗೆ ಇದನ್ನು ಉತ್ತರವಾಗಿ ಉದಾಹರಿಸಬಹುದು.

ಹಂಟಿಂಗ್‌ಡನ್ ಪ್ರಾರ್ಥನಾಲಯ: 1765ರ ಈ ಕಟ್ಟಡವನ್ನು ಟ್ರಸ್ಟ್ 1980ರ ದಶಕದಲ್ಲಿ ಜೀರ್ಣೋದ್ಧಾರ ಮಾಡಿತು. 1992ರಲ್ಲಿ ಇಲ್ಲಿ ಬಾತ್ ನಗರದ ನಿರ್ಮಾಣವನ್ನು ವಿವರಿಸುವ ವಸ್ತುಸಂಗ್ರಹಾಲಯ ಆರಂಭವಾಯಿತು.

ವಿಶ್ವ ಪರಂಪರೆ ಮತ್ತು ಇತ್ತೀಚಿನ ಸವಾಲುಗಳು

1987ರಲ್ಲಿ ಯುನೆಸ್ಕೊ ಬಾತ್ ನಗರವನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು. ಒಂದು ಸ್ಮಾರಕವನ್ನಲ್ಲದೆ ಇಡೀ ನಗರವನ್ನು ಸೇರಿಸಿರುವುದು ಇದರ ವಿಶೇಷ. 2021ರಲ್ಲಿ ಏಳು ದೇಶಗಳ 11 ಊರುಗಳನ್ನು ಒಳಗೊಂಡ 'ಯುರೋಪಿನ ಮಹಾ ಆರೋಗ್ಯಧಾಮಗಳು' ಎಂಬ ಪಟ್ಟಿಯಲ್ಲಿ ಬಾತ್ ಎರಡನೆಯ ಬಾರಿಗೆ ಸ್ಥಾನ ಪಡೆಯಿತು. ನದಿಯ ದಂಡೆಯ ಹಳೆಯ ಕೈಗಾರಿಕಾ ಪ್ರದೇಶದಲ್ಲಿ ನಡೆಯಲಿದ್ದ ದೊಡ್ಡ ವಸತಿ ನಿರ್ಮಾಣದ ಪರಿಣಾಮವನ್ನು ಪರಿಶೀಲಿಸಲು 2008ರಲ್ಲಿ ಯುನೆಸ್ಕೊ ತಂಡವೊಂದು ನಗರಕ್ಕೆ ಭೇಟಿ ನೀಡಿತ್ತು.

ಹವಾಮಾನ ಬದಲಾವಣೆಯು ಸಂರಕ್ಷಣೆಗೆ ಹೊಸ ಪ್ರಶ್ನೆಯನ್ನು ಒಡ್ಡಿದೆ. ಜಾರ್ಜಿಯನ್ ಮನೆಗಳ ಮೇಲೆ ಕೆಳಗೆ ಸರಿಯುವ ಒಂಟಿ ಗಾಜಿನ ಕಿಟಕಿಗಳಿಂದ ಚಳಿಗಾಲದಲ್ಲಿ ಶಾಖ ನಷ್ಟವಾಗುತ್ತದೆ. ಕಿಟಕಿಗಳನ್ನೇ ಕಿತ್ತು ಪ್ಲಾಸ್ಟಿಕ್ ಚೌಕಟ್ಟು ಹಾಕಿದರೆ ಕಟ್ಟಡದ ಸ್ವರೂಪ ಕೆಡುತ್ತದೆ. ಟ್ರಸ್ಟ್ 2011ರಲ್ಲಿ 'ವಾರ್ಮರ್ ಬಾತ್' ಎಂಬ ಕೈಪಿಡಿಯನ್ನು ಹೊರತಂದು, ಹಳೆಯ ಮನೆಗಳ ಇಂಧನ ದಕ್ಷತೆಯನ್ನು ಹೆಚ್ಚಿಸುವ ಮಾರ್ಗಗಳನ್ನು ನಿವಾಸಿಗಳಿಗೆ ತಿಳಿಸಿತು. ಸಂದುಗಳನ್ನು ಮುಚ್ಚುವುದು, ಮರದ ಒಳಬಾಗಿಲುಗಳನ್ನು ಸರಿಪಡಿಸಿ ಬಳಸುವುದು, ಹಳೆಯ ಕಿಟಕಿಯ ಒಳಬದಿಯಲ್ಲಿ ಮತ್ತೊಂದು ಗಾಜಿನ ಪದರ ಅಳವಡಿಸುವುದು ಇಂತಹ ಮನೆಗಳಿಗೆ ಹೊಂದುವ ಕ್ರಮಗಳು.

ತೆರಿಗೆ ಪದ್ಧತಿಯೂ ಸಂರಕ್ಷಣೆಗೆ ಅನುಕೂಲವಾಗಿಲ್ಲ. ಬ್ರಿಟನ್ನಿನಲ್ಲಿ ಹೊಸ ಮನೆಯ ನಿರ್ಮಾಣಕ್ಕೆ ಮೌಲ್ಯವರ್ಧಿತ ತೆರಿಗೆಯ ದರ ಶೂನ್ಯವಾಗಿದ್ದರೆ, ಹಳೆಯ ಮನೆಯ ದುರಸ್ತಿಗೆ ಸಾಮಾನ್ಯವಾಗಿ ಶೇಕಡ 20. ಈ ವ್ಯತ್ಯಾಸವನ್ನು ಸರಿಪಡಿಸಬೇಕೆಂಬುದು ದೇಶದ ಸಂರಕ್ಷಣಾ ವಲಯದ ಬಹುಕಾಲದ ಬೇಡಿಕೆ.

ಚರ್ಚೆ ಮತ್ತು ಟೀಕೆ

ಸಂರಕ್ಷಣೆಯ ಮಿತಿ ಎಲ್ಲಿಯವರೆಗೆ ಎಂಬ ಬಗ್ಗೆ ಬಾತ್‌ನಲ್ಲಿ ಒಮ್ಮತವಿಲ್ಲ. 1970ರ ದಶಕದಲ್ಲಿ ರಾಯಲ್ ಕ್ರೆಸೆಂಟಿನ 22ನೇ ಮನೆಯ ಒಡತಿ ತಮ್ಮ ಮುಂಬಾಗಿಲಿಗೆ ಹಳದಿ ಬಣ್ಣ ಬಳಿಸಿದರು. ಸಾಲಿನ ಏಕರೂಪತೆಗೆ ಇದು ಭಂಗವೆಂದು ನಗರಾಡಳಿತವು ಬಣ್ಣ ಬದಲಿಸುವಂತೆ ನೋಟಿಸು ನೀಡಿತು. ಸಾರ್ವಜನಿಕ ವಿಚಾರಣೆ ನಡೆದು ತೀರ್ಮಾನ ಅವರ ಪರವಾಯಿತು. ಬಾಗಿಲು ಹಳದಿಯಾಗಿಯೇ ಉಳಿಯಿತು. ಸಮೀಪದಲ್ಲೇ ಇಡೀ ಬೀದಿಗಳು ನೆಲಸಮವಾಗುತ್ತಿದ್ದ ಕಾಲದಲ್ಲಿ ಒಂದು ಬಾಗಿಲಿನ ಬಣ್ಣ ಇಷ್ಟು ದೊಡ್ಡ ವಿವಾದವಾದದ್ದು ಆ ಕಾಲದ ವೈರುಧ್ಯವನ್ನು ತೋರಿಸುತ್ತದೆ.

ನಾಗರಿಕ ಸಂಘಗಳ ಕುರಿತು ಸಾಮಾನ್ಯವಾಗಿ ಕೇಳಿಬರುವ ಟೀಕೆಗಳು ಇಲ್ಲಿಗೂ ಅನ್ವಯಿಸುತ್ತವೆ. ಹೊಸ ನಿರ್ಮಾಣವನ್ನು ವಿರೋಧಿಸುವುದರಿಂದ ಮನೆಗಳ ಕೊರತೆ ಹೆಚ್ಚಿ, ಸಾಧಾರಣ ಆದಾಯದವರು ನಗರದಲ್ಲಿ ವಾಸಿಸುವುದು ಕಷ್ಟವಾಗುತ್ತದೆ ಎಂಬುದು ಒಂದು ವಾದ. ಹಳೆಯ ಶೈಲಿಯ ಅನುಕರಣೆಗೆ ಪ್ರೋತ್ಸಾಹ ಸಿಕ್ಕಿ ಈ ಕಾಲದ ಉತ್ತಮ ವಾಸ್ತುಶಿಲ್ಪಕ್ಕೆ ಅವಕಾಶ ಕಡಿಮೆಯಾಗುತ್ತದೆ ಎಂಬುದು ಇನ್ನೊಂದು. ಇದಕ್ಕೆ ಪ್ರತಿಯಾಗಿ, ಹಳೆಯ ಮನೆಗಳನ್ನು ದುರಸ್ತಿ ಮಾಡಿ ವಾಸಯೋಗ್ಯಗೊಳಿಸುವುದೂ ವಸತಿ ಒದಗಿಸುವ ಒಂದು ಮಾರ್ಗವೇ ಎಂದೂ, 1960ರ ದಶಕದಲ್ಲಿ ಕೆಡವಿದ ಚಿಕ್ಕ ಮನೆಗಳು ಉಳಿದಿದ್ದರೆ ಇಂದಿಗೂ ಉಪಯೋಗಕ್ಕೆ ಬರುತ್ತಿದ್ದವೆಂದೂ ಸಂರಕ್ಷಣಾವಾದಿಗಳು ಹೇಳುತ್ತಾರೆ.

ಮಹತ್ವ

ಬಾತ್‌ನ ಅನುಭವವು ಬ್ರಿಟನ್ನಿನ ಸಂರಕ್ಷಣಾ ಚಳವಳಿಯಲ್ಲಿ ಮುಖ್ಯವಾದ ಪಾಠವೆನಿಸಿದೆ. ಕಾನೂನು ಇದ್ದ ಮಾತ್ರಕ್ಕೆ ಕಟ್ಟಡಗಳು ಉಳಿಯುವುದಿಲ್ಲ ಎಂಬುದು 1937ರ ನಂತರದ ಇತಿಹಾಸದಿಂದ ತಿಳಿದುಬರುತ್ತದೆ. ಪ್ರತಿ ಅರ್ಜಿಯನ್ನು ಓದಿ, ಸ್ಥಳಕ್ಕೆ ಹೋಗಿ ನೋಡಿ, ಕಾರಣಸಹಿತವಾಗಿ ಅಭಿಪ್ರಾಯ ಬರೆಯುವ ನಾಗರಿಕರು ಇದ್ದಾಗ ಮಾತ್ರ ಕಾನೂನು ಬಳಕೆಗೆ ಬರುತ್ತದೆ. ಪ್ರಸಿದ್ಧ ಸ್ಮಾರಕಗಳಷ್ಟೇ ಅಲ್ಲದೆ ಸಾಮಾನ್ಯ ಜನರ ಮನೆಗಳೂ ಪರಂಪರೆಯ ಭಾಗ ಎಂಬ ತಿಳಿವಳಿಕೆ ಈ ನಗರದ ನಷ್ಟದಿಂದಲೇ ಬಲಗೊಂಡಿತು.